ಕಲ್ಪಿತಯಂತ್ರದ ಲಕ್ಷಣವಾಕ್ಯವೂ ಶೋಧಕ ಸರ್ವರುಗಳೂ

ಗಣಕಶಾಸ್ತ್ರದಲ್ಲಿ ‘ವರ್ಚುಯಲ್ ಮೆಷಿನ್’ ಎಂಬ ಪದಾರ್ಥಕ್ಕೆ ಇಂದಿಗೂ ಪ್ರಮಾಣವೆಂದು ಉದಾಹರಿಸಲ್ಪಡುವ ಲಕ್ಷಣವು ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1974ನೆಯ ಇಸವಿಯಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿದೆ. ಒಂದೇ ಯಂತ್ರದ ಒಡಲಿನಲ್ಲಿ ಹಲವು ಯಂತ್ರಗಳಿರುವಂತೆ ತೋರಿಸಿ, ಒಂದೊಂದರಲ್ಲಿಯೂ ಬೇರೆ ಬೇರೆಯ ಕಾರ್ಯವ್ಯವಸ್ಥೆಯು ತಾನೇ ಯಂತ್ರಕ್ಕೆ ಒಡೆಯನೆಂಬ ಭಾವದಿಂದ ನಡೆಯುವಂತೆ ಮಾಡುವ ಏರ್ಪಾಡಿಗೆ ಆ ಹೆಸರು. ಕನ್ನಡದಲ್ಲಿ ಇದನ್ನು ‘ಕಲ್ಪಿತಯಂತ್ರ’ವೆನ್ನಬಹುದು. ಈ ಕಲ್ಪನೆಯನ್ನು ನಡೆಯಿಸುವ ತಂತ್ರಾಂಶವನ್ನು ಆ ಲೇಖಕರು ಮಾನಿಟರ್ ಎಂದರು, ಈಚಿನವರು ಹೈಪರ್‌ವೈಸರ್ ಎನ್ನುತ್ತಾರೆ. ಈ ಲೇಖನದಲ್ಲಿ ಅದಕ್ಕೆ ‘ನಿಯಾಮಕ’ವೆಂಬ ಮಾತನ್ನು ಬಳಸಲಾಗಿದೆ. ನಿಯಾಮಕವಿಲ್ಲದೆ ಕಾರ್ಯವ್ಯವಸ್ಥೆಯು ನೇರವಾಗಿ ಯಂತ್ರದ ಮೇಲೆಯೇ ನಡೆಯುತ್ತಿದ್ದರೆ ಅದು ಬೇರ್ ಮೆಟಲ್, ಎಂದರೆ ಬರಿಯ ಯಂತ್ರ.

ಆ ಲಕ್ಷಣಕ್ಕೆ ಅಂಗಗಳು ಮೂರು. ಕಲ್ಪಿತಯಂತ್ರದಲ್ಲಿ ನಡೆದ ಪ್ರೋಗ್ರಾಮು ನಿಜಯಂತ್ರದಲ್ಲಿ ನಡೆದಾಗ ಕೊಡುವ ಫಲವನ್ನೇ ಕೊಡಬೇಕೆಂಬುದು ಮೊದಲನೆಯದು. ಅದರ ಆಜ್ಞೆಗಳಲ್ಲಿ ಬಹುಪಾಲು ನಿಯಾಮಕದ ನಡುಪ್ರವೇಶವಿಲ್ಲದೆ ನಿಜಪ್ರೊಸೆಸರಿನಲ್ಲಿಯೇ ನಡೆಯಬೇಕೆಂಬುದು ಎರಡನೆಯದು. ಯಂತ್ರದ ಸಮಸ್ತ ಸಂಪನ್ಮೂಲಗಳ ಮೇಲೆಯೂ ನಿಯಾಮಕಕ್ಕೇ ಪೂರ್ಣಾಧಿಕಾರವಿರಬೇಕೆಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯದಾದ ಫಲಸಾಮ್ಯವನ್ನು ವಿಧಿಸುವಾಗ ಲೇಖಕರು ಅದಕ್ಕೆ ಎರಡು ಅಪವಾದಗಳನ್ನು ಕೂಡಿಸಿರುವರು. ಕೆಲಸಕ್ಕೆ ಹಿಡಿಯುವ ಕಾಲದಲ್ಲಿ ಭೇದವಿರಬಹುದು. ಮೆಮೊರಿಯೇ ಮೊದಲಾದ ಸಂಪನ್ಮೂಲಗಳ ಲಭ್ಯತೆಯಲ್ಲಿ ಭೇದವಿರಬಹುದು. ಉತ್ಸರ್ಗವನ್ನು ಹೇಳಿ ಒಡನೆಯೇ ಅಪವಾದವನ್ನು ಹೇಳುವುದು ವ್ಯಾಕರಣವನ್ನೋದಿದವರಿಗೆ ಪರಿಚಿತವಾದ ಕ್ರಮವೇ ಸರಿ. ಆದರೆ ಅಪವಾದದ ವಿಷಯವು ಉತ್ಸರ್ಗದ ವಿಷಯಕ್ಕಿಂತ ಕಿರಿದಾಗಿರಬೇಕೆಂಬುದೂ ಅವರಿಗೆ ವಿದಿತವಾದ ಸಂಗತಿಯೇ. ಶೋಧಕ ಸರ್ವರುಗಳ ವಿಷಯದಲ್ಲಿ ಈ ನಿಯಮವು ತಲೆಕೆಳಗಾಗುತ್ತದೆ. ಕೇಳಿದ ಪದವು ಯಾವ ಗ್ರಂಥದಲ್ಲಿದೆಯೆಂಬ ಉತ್ತರವನ್ನು ಎರಡು ಬಗೆಯ ಯಂತ್ರಗಳೂ ಒಂದೇ ಬಗೆಯಾಗಿ ಕೊಡುತ್ತವೆ. ಆ ವಿಷಯದಲ್ಲಿ ವಾದವೇ ಇಲ್ಲ. ಎಷ್ಟು ಹೊತ್ತಿಗೆ ಕೊಡುತ್ತವೆ, ಎಷ್ಟು ಮೆಮೊರಿಯನ್ನು ನಂಬಿ ಕೊಡುತ್ತವೆ ಎಂಬುದರಲ್ಲಿಯೇ ವಾದವೆಲ್ಲವೂ ಇರುವುದು. ಲಕ್ಷಣವು ಹೊರಗಿಟ್ಟದ್ದೇ ಇಲ್ಲಿ ಮುಖ್ಯಾರ್ಥವಾಗಿದೆ.

ಮೂಲಲೇಖಕರ ಮೇಲೆ ಇದನ್ನು ದೋಷವಾಗಿ ಹೊರಿಸುವುದು ನ್ಯಾಯವಲ್ಲ. ಐ.ಬಿ.ಎಂ. ಸಂಸ್ಥೆಯ ಸಿ.ಪಿ.-67 ಎಂಬ ವ್ಯವಸ್ಥೆಯೂ 1972ರಲ್ಲಿ ಹೊರಬಂದ ವಿ.ಎಂ./370 ಎಂಬುದೂ ಅವರ ಕಾಲದ ನಿದರ್ಶನಗಳು. ಅತ್ಯಂತ ಬೆಲೆಯುಳ್ಳ ಒಂದು ಯಂತ್ರವನ್ನು ಹಲವು ಜನರು ಹಂಚಿಕೊಂಡು ಬಳಸುವುದೇ ಆಗಿನ ಪ್ರಯೋಜನ. ಯಂತ್ರವನ್ನು ಹಂಚಿಕೊಂಡಮೇಲೆ ಕಾಲವೂ ಹಂಚಿಹೋಗುವುದು ಸಹಜವಾದುದರಿಂದ, ಅದನ್ನು ಅಪವಾದವೆಂದು ಬಿಟ್ಟದ್ದು ಯುಕ್ತವೇ. ಆಕ್ಷೇಪಿಸತಕ್ಕದ್ದೇನಾದರೂ ಇದ್ದರೆ ಅದು ತರುವಾಯದ ವ್ಯಾಖ್ಯಾತೃಗಳನ್ನು ಕುರಿತದ್ದು. ಇಂಟೆಲ್ ಸಂಪ್ರದಾಯದ ಪ್ರೊಸೆಸರುಗಳು ಪೂರ್ವೋಕ್ತ ಲಕ್ಷಣಕ್ಕೆ ಒಪ್ಪುವವೋ ಇಲ್ಲವೋ ಎಂಬ ವಿಚಾರದಲ್ಲಿಯೇ ಅವರ ಶ್ರಮದ ಬಹುಭಾಗವು ಕಳೆಯಿತು. ಪೆಂಟಿಯಂ ಪ್ರೊಸೆಸರಿನಲ್ಲಿ ನಿಯಾಮಕದ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವ ಆಜ್ಞೆಗಳು 17 ಇರುವುವೆಂದು ರಾಬಿನ್ ಮತ್ತು ಅರ್ವಿನ್ ಎಂಬವರು 2000ದಲ್ಲಿ ಎಣಿಸಿ ತೋರಿಸಿದರು. ಅದಕ್ಕೆ ಮೊದಲೇ, 1999ರಲ್ಲಿ, ವಿ.ಎಂ.ವೇರ್ ಸಂಸ್ಥೆಯವರು ಅಂಥ ಆಜ್ಞೆಗಳನ್ನು ನಡೆಯುವಾಗಲೇ ಬೇರೆ ಆಜ್ಞೆಗಳಾಗಿ ಮಾರ್ಪಡಿಸುವ ಉಪಾಯದಿಂದ ತೊಡಕನ್ನು ದಾಟಿದ್ದರು. 2005 ಮತ್ತು 2006ರಲ್ಲಿ ಪ್ರೊಸೆಸರುಗಳೇ ಕಲ್ಪಿತಯಂತ್ರಕ್ಕೆ ಎಡೆಮಾಡಿಕೊಟ್ಟವು. ಹಾಗೆ ಎಡೆಮಾಡಿಕೊಟ್ಟ ಮೊದಲ ಪ್ರೊಸೆಸರುಗಳು ಹಳೆಯ ಮಾರ್ಪಾಟಿನ ಉಪಾಯಕ್ಕಿಂತ ಎಲ್ಲೆಡೆಯಲ್ಲಿಯೂ ವೇಗವಾಗಿಲ್ಲವೆಂದು ಆಡಮ್ಸ್ ಮತ್ತು ಅಗೆಸೆನ್ 2006ರಲ್ಲಿ ಅಳೆದು ತೋರಿಸಿದ್ದು ಸ್ಮರಣೀಯವಾದ ಸಂಗತಿ. ತಮ್ಮ ಸಂಸ್ಥೆಯ ಉಪಾಯಕ್ಕೆ ಅನುಕೂಲವಾದ ಫಲವೆಂದು ಅದನ್ನು ಅನುಮಾನಿಸುವವರಿರಬಹುದು. ಆದರೆ ಅಳತೆಯ ಕ್ರಮವನ್ನು ಅವರು ಮರೆಮಾಚಿಲ್ಲ.

ಕಾಲದ ಅಪವಾದದ ಕಡೆಗೆ ಸ್ಪಷ್ಟವಾಗಿ ಕೈಚಾಚಿದವರು ಕೇಂಬ್ರಿಜಿನ ವಿದ್ವಾಂಸರು. ತಮ್ಮ ‘ಜೆನ್’ ಎಂಬ ನಿಯಾಮಕವನ್ನು ವಿವರಿಸುವ 2003ರ ಲೇಖನದಲ್ಲಿ ಅವರು, ಅತಿಥಿಯಾದ ಕಾರ್ಯವ್ಯವಸ್ಥೆಗೆ ಕಲ್ಪಿತಕಾಲದ ಜೊತೆಗೆ ನಿಜಕಾಲವೂ ತಿಳಿದಿರುವುದು ಒಳ್ಳೆಯದೆಂದು ವಾದಿಸಿರುವರು. ಇದನ್ನು ಅವರು ಒಂದೆರಡು ಮಾತುಗಳಲ್ಲಿಯೇ ಮುಗಿಸಿದರು. ವಿಸ್ತರಿಸಿದ್ದರೆ ಮುಂದಿನ ವಾದಗಳೆಷ್ಟೋ ಹುಟ್ಟುತ್ತಿರಲಿಲ್ಲ.

ಇನ್ನು ಶೋಧಕ ಸರ್ವರಿನ ಸ್ವರೂಪ. ಸಂಪಾದಿತ ಕಾವ್ಯಗಳ ಕೊನೆಯಲ್ಲಿ ಕೊಡುವ ಪದಾನುಕ್ರಮಣಿಕೆಯೇ ಅದರ ಮೂಲತತ್ತ್ವ. ಪದವೊಂದು ಯಾವ ಯಾವ ಗ್ರಂಥದಲ್ಲಿ, ಎಷ್ಟನೆಯ ಸ್ಥಾನದಲ್ಲಿ ಬಂದಿದೆಯೆಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಟ್ಟು, ಪ್ರಶ್ನೆ ಬಂದಾಗ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವುದಷ್ಟೆ ಅದರ ಕೆಲಸ. ಡಗ್ ಕಟಿಂಗ್ ಎಂಬಾತನು 1999ರಲ್ಲಿ ಹೊರತಂದ ಲೂಸೀನ್ ಎಂಬ ತಂತ್ರಾಂಶವೇ ಇಂದು ಬಹಳವಾಗಿ ಬಳಕೆಯಲ್ಲಿರುವ ಸೋಲರ್ ಮತ್ತು ಇಲಾಸ್ಟಿಕ್‌ಸರ್ಚ್ ಎಂಬ ಸರ್ವರುಗಳಿಗೆ ಆಧಾರ. ಲೂಸೀನ್ ತನ್ನ ಪಟ್ಟಿಗಳನ್ನು ಡಿಸ್ಕಿನಲ್ಲಿ ಬರೆದಿಟ್ಟು, ಅವುಗಳಲ್ಲಿ ಬೇಕಾದ ಪುಟಗಳನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ಹೊಣೆಯನ್ನು ಕಾರ್ಯವ್ಯವಸ್ಥೆಗೇ ಬಿಟ್ಟಿರುತ್ತದೆ. ಬಿಡುವಾಗಿರುವ ಮೆಮೊರಿಯೆಲ್ಲವೂ ಹೀಗೆ ಪಟ್ಟಿಯ ಪುಟಗಳಿಂದ ತುಂಬಿರುವುದು. ಈ ನಂಬಿಕೆಯ ಮೇಲೆ ಅದರ ವೇಗವು ನಿಂತಿದೆ. ನಿಯಾಮಕವು ನಡುವೆ ಬಂದಾಗ ಅಲುಗಾಡುವುದು ಈ ನಂಬಿಕೆಯೇ.

ಅದೆಂತೆಂದರೆ, ಪ್ರೋಗ್ರಾಮು ಹೇಳುವ ವಿಳಾಸವು ಮೆಮೊರಿಯ ನಿಜವಾದ ವಿಳಾಸವಲ್ಲ. ಅದನ್ನು ನಿಜವಾದ ವಿಳಾಸವಾಗಿ ತಿರುಗಿಸಲು ನಾಲ್ಕು ಮೆಟ್ಟಿಲುಗಳ ಕೋಷ್ಟಕವೊಂದಿದೆ. ಬರಿಯ ಯಂತ್ರದಲ್ಲಿ ಈ ಕೋಷ್ಟಕವನ್ನು ಹೊಸದಾಗಿ ನೋಡಬೇಕಾಗಿ ಬಂದರೆ ನಾಲ್ಕು ಸಲ ಮೆಮೊರಿಗೆ ಹೋಗಿಬರಬೇಕು. ಕಲ್ಪಿತಯಂತ್ರದಲ್ಲಿ ಅತಿಥಿಯ ಕೋಷ್ಟಕದ ಒಂದೊಂದು ಮೆಟ್ಟಿಲೂ ಕಲ್ಪಿತ ವಿಳಾಸದಲ್ಲಿಯೇ ಇರುವುದರಿಂದ, ಆ ಒಂದೊಂದನ್ನೂ ನಿಯಾಮಕದ ನಾಲ್ಕು ಮೆಟ್ಟಿಲುಗಳ ಮೂಲಕ ತಿರುಗಿಸಬೇಕಾಗಿ, ಹೆಚ್ಚೆಂದರೆ ಇಪ್ಪತ್ತನಾಲ್ಕು ಸಲ ಹೋಗಿಬರಬೇಕಾಗುತ್ತದೆ. ಈಚೆಗೆ ತಿರುಗಿಸಿದ ವಿಳಾಸಗಳನ್ನು ಪ್ರೊಸೆಸರು ನೆನಪಿನಲ್ಲಿಟ್ಟುಕೊಂಡಿರುವುದರಿಂದ ಒಂದೇ ಎಡೆಯಲ್ಲಿ ಸುತ್ತಾಡುವ ಪ್ರೋಗ್ರಾಮುಗಳಿಗೆ ಈ ವ್ಯತ್ಯಾಸವು ಗೊತ್ತಾಗುವುದೇ ಇಲ್ಲ. ಶೋಧಕ ಸರ್ವರು ಅಂಥದಲ್ಲ. ಹತ್ತಾರು ಗಿಗಾಬೈಟುಗಳ ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ಇಲ್ಲಿ, ಇನ್ನೊಂದಕ್ಕೆ ಅಲ್ಲಿ, ಎಂದು ನೆಗೆಯುವುದೇ ಅದರ ಸ್ವಭಾವ. ದೊಡ್ಡ ಅಳತೆಯ ಪುಟಗಳನ್ನು ಏರ್ಪಡಿಸುವುದರಿಂದ ಮೆಟ್ಟಿಲುಗಳನ್ನು ಕಡಿಮೆ ಮಾಡಬಹುದಾಗಿದೆ. ಈ ಪರಿಹಾರವು ಅತಿಥಿಯಲ್ಲಿಯೂ ನಿಯಾಮಕದಲ್ಲಿಯೂ ಒಟ್ಟಿಗೆ ಆಗಿದ್ದರೆ ಮಾತ್ರ ಫಲವು ಪೂರ್ಣವಾದೀತು.

ಇದಕ್ಕಿಂತಲೂ ಹೆಚ್ಚಿನ ಕೇಡು ಬೇರೊಂದು ದಿಕ್ಕಿನಿಂದ ಬರುತ್ತದೆ. ಒಬ್ಬ ಅತಿಥಿಯ ಮೆಮೊರಿಯನ್ನು ಇನ್ನೊಬ್ಬನಿಗೆ ಕೊಡಬೇಕಾದಾಗ ನಿಯಾಮಕವು ಹೂಡುವ ಉಪಾಯವನ್ನು ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿರುವನು. ಅತಿಥಿಯ ಒಳಗೆ ಬಲೂನಿನಂಥ ಒಂದು ಪ್ರೋಗ್ರಾಮನ್ನು ಇರಿಸಿ, ಅದು ಉಬ್ಬಿದಂತೆಲ್ಲ ಅತಿಥಿಯು ತಾನಾಗಿಯೇ ಇತರ ಪುಟಗಳನ್ನು ಬಿಟ್ಟುಕೊಡುವಂತೆ ಮಾಡುವುದು. ಉಪಾಯವು ಬಹು ಚತುರವಾದದ್ದು. ಯಾವ ಪುಟವು ಬೇಡವೆಂಬುದು ಅತಿಥಿಗೇ ಚೆನ್ನಾಗಿ ಗೊತ್ತೆಂಬ ತರ್ಕವೂ ಸಾಧುವೇ. ಆದರೆ ಅತಿಥಿಯ ದೃಷ್ಟಿಗೆ ಮೊದಲು ಬೇಡವಾಗಿ ಕಾಣುವುದು, ಡಿಸ್ಕಿನಿಂದ ಮತ್ತೆ ಓದಿಕೊಳ್ಳಬಹುದಾದ ಪುಟ. ಲೂಸೀನಿನ ಪಟ್ಟಿಯ ಪುಟಗಳು ಅಂಥವೇ ಆಗಿವೆ. ಹೀಗಾಗಿ ಸರ್ವರು ಯಾವುದನ್ನು ನಂಬಿ ನಿಂತಿದೆಯೋ ಅದೇ ಮೊದಲು ಜಾರಿಹೋಗುತ್ತದೆ. ಆದಕಾರಣ ಶೋಧಕ ಸರ್ವರಿಗೆ ಕೊಟ್ಟ ಮೆಮೊರಿಯನ್ನು ಹಿಂದಕ್ಕೆ ಪಡೆಯದಂತೆ ಕಟ್ಟುಮಾಡುವುದು ಅವಶ್ಯ. ಹಾಗೆ ಕಟ್ಟುಮಾಡಿದರೆ ಹಂಚಿಕೆಯಿಂದ ಬರತಕ್ಕ ಲಾಭದಲ್ಲಿ ದೊಡ್ಡ ಭಾಗವೇ ಹೋಗುತ್ತದೆಂಬುದನ್ನು ಕಲ್ಪಿತಯಂತ್ರದ ಪಕ್ಷಪಾತಿಗಳು ಲೆಕ್ಕದಲ್ಲಿ ಹಿಡಿಯುವುದು ವಿರಳ.

ಈ ನಷ್ಟಗಳನ್ನೆಲ್ಲ ಶೇಕಡಾ ಇಷ್ಟೆಂದು ಒಂದೇ ಅಂಕಿಯಲ್ಲಿ ಹೇಳುವ ಪದ್ಧತಿಯು ಎರಡು ಪಕ್ಷಗಳಲ್ಲಿಯೂ ಬೇರೂರಿದೆ. ಐದು ಅಥವಾ ಹತ್ತು ಎನ್ನುವುದು, ಅಷ್ಟಕ್ಕೆ ಇಷ್ಟು ಅನುಕೂಲಗಳು ಬರುವಾಗ ಚಿಂತೆಯೇನೆನ್ನುವುದು. ಇಲ್ಲಿ ಮರೆತುಹೋಗುವುದೇನೆಂದರೆ, ಸರ್ವರಿನ ಶಕ್ತಿಯಲ್ಲಾದ ನಷ್ಟವೂ ಓದುಗನು ಕಾಯುವ ಹೊತ್ತೂ ಒಂದೇ ಪ್ರಮಾಣದಲ್ಲಿ ಬೆಳೆಯತಕ್ಕವಲ್ಲ. ಸರದಿಯ ಗಣಿತದ ಅತಿ ಸರಳವಾದ ಸೂತ್ರವನ್ನೇ ತೆಗೆದುಕೊಳ್ಳಬಹುದು. ಪ್ರಶ್ನೆಗಳು ಅನಿಯತವಾಗಿ ಬರುತ್ತಿದ್ದು, ಅವುಗಳಿಗೆ ತಗಲುವ ಹೊತ್ತೂ ಅನಿಯತವಾಗಿದ್ದು, ಸೆಕೆಂಡಿಗೆ 100 ಪ್ರಶ್ನೆಗಳನ್ನು ಉತ್ತರಿಸಬಲ್ಲ ಒಂದು ಸರ್ವರಿಗೆ 80 ಬರುತ್ತಿದ್ದರೆ ಒಂದೊಂದಕ್ಕೂ ಸರಾಸರಿ 50 ಮಿಲಿಸೆಕೆಂಡು ಹಿಡಿಯುವುದು. ಅದರ ಶಕ್ತಿಯು ಶೇಕಡಾ ಹತ್ತು ಕುಗ್ಗಿ 90 ಆದರೆ ಹಿಡಿಯುವ ಹೊತ್ತು 100 ಮಿಲಿಸೆಕೆಂಡು. ಎಂದರೆ ನಷ್ಟವು ಹತ್ತಾದರೂ ಕಾಯುವಿಕೆಯು ಇಮ್ಮಡಿ. ಅದೇ ಸರ್ವರಿಗೆ ಸೆಕೆಂಡಿಗೆ 30 ಪ್ರಶ್ನೆಗಳಷ್ಟೇ ಬರುತ್ತಿದ್ದರೆ 14ರಿಂದ 17 ಮಿಲಿಸೆಕೆಂಡಿಗೆ ಏರುವುದಷ್ಟೆ, ಯಾರೂ ಗಮನಿಸಲಾರರು. ಹೀಗಿರಲು, ಎಷ್ಟು ಹೊರೆಯ ಮೇಲೆ ಅಳೆದದ್ದೆಂದು ತಿಳಿಸದ ಅಂಕಿಯು ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸಾಕ್ಷಿಯಾಗಲಾರದು. ಒಂದು ವಿದ್ಯಾಪೀಠದ ಗ್ರಂಥಭಂಡಾರಕ್ಕೆ, ಅದರ ಪಟ್ಟಿಯೆಲ್ಲವೂ ಮೆಮೊರಿಯಲ್ಲಿ ಹಿಡಿದು ದಿನಕ್ಕೆ ಕೆಲವು ಸಾವಿರ ಪ್ರಶ್ನೆಗಳು ಬರುವಲ್ಲಿ, ಕಲ್ಪಿತಯಂತ್ರವೇ ಧಾರಾಳವಾಗಿ ಸಾಕು. ಅಲ್ಲಿ ಬರಿಯ ಯಂತ್ರಕ್ಕಾಗಿ ಹಟಹಿಡಿಯುವುದು ವ್ಯರ್ಥ.

ಸರಾಸರಿಯ ಮೇಲಿನ ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಆಳವಾದದ್ದು. ಪಟ್ಟಿಯು ಒಂದು ಯಂತ್ರದಲ್ಲಿ ಹಿಡಿಯದಷ್ಟು ಬೆಳೆದಾಗ ಅದನ್ನು ಖಂಡಗಳಾಗಿ ಒಡೆದು ಅನೇಕ ಯಂತ್ರಗಳಲ್ಲಿಡುತ್ತಾರೆ. ಆಗ ಪ್ರತಿಯೊಂದು ಪ್ರಶ್ನೆಯೂ ಎಲ್ಲ ಖಂಡಗಳಿಗೂ ಹೋಗಿ, ಕೊನೆಯ ಖಂಡದ ಉತ್ತರವು ಬರುವವರೆಗೂ ಕಾಯಬೇಕು. ಜೆಫ್ ಡೀನ್ ಮತ್ತು ಲೂಯಿಜ್ ಬರೊಸೊ 2013ರಲ್ಲಿ ಬರೆದ ಪ್ರಸಿದ್ಧ ಲೇಖನವು ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಮನಗಾಣಿಸುತ್ತದೆ. ಒಂದೊಂದು ಸರ್ವರೂ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿನಷ್ಟು ತಡಮಾಡುವುದಾದರೆ, ನೂರು ಸರ್ವರುಗಳಿಂದ ಉತ್ತರವನ್ನು ಕೂಡಿಸಬೇಕಾದ ಪ್ರಶ್ನೆಗಳಲ್ಲಿ ಶೇಕಡಾ 63ಕ್ಕೆ ಆ ತಡವು ತಟ್ಟುತ್ತದೆ. ನಿಯಾಮಕವು ಪ್ರೊಸೆಸರನ್ನು ಇನ್ನೊಬ್ಬ ಅತಿಥಿಗೆ ಕೊಟ್ಟಿರುವಾಗ ಸುಮ್ಮನೆ ನಿಲ್ಲಬೇಕಾಗುವ ಕ್ಷಣಗಳು ಈ ಜಾತಿಯವು. ಸರಾಸರಿಯಲ್ಲಿ ಅವು ಕಾಣವು, ಬಾಲದಲ್ಲಿ ಕಾಣುವುವು.

ಈ ಬಾಲಕ್ಕೆ ಸಿಕ್ಕಿಬೀಳುವ ಪ್ರಶ್ನೆಗಳು ಯಾರವೆಂಬುದನ್ನು ಸಾಹಿತ್ಯದ ವಿದ್ವಾಂಸರು ವಿಚಾರಿಸಬೇಕಾಗಿದೆ. ಸಾಮಾನ್ಯ ಓದುಗನು ಒಂದು ವಿಶೇಷನಾಮವನ್ನೋ ಅಪರೂಪದ ಪದವನ್ನೋ ಹುಡುಕುತ್ತಾನೆ. ಅದರ ಪಟ್ಟಿಯು ಚಿಕ್ಕದು. ಪಂಡಿತನಾದರೋ ಒಂದು ನುಡಿಗಟ್ಟನ್ನು, ಒಂದು ವಾಕ್ಯಖಂಡವನ್ನು ಇದ್ದಕ್ಕಿದ್ದಂತೆ ಹುಡುಕುವನು. ಅದರಲ್ಲಿ ‘ಆ’, ‘ಎಂದು’, ‘ಮತ್ತು’ ಎಂಬಂಥ ಪದಗಳು ಸೇರಿರುವುವು. ಇಂಥ ಪದಗಳು ಎಲ್ಲ ಗ್ರಂಥಗಳಲ್ಲಿಯೂ ಲೆಕ್ಕವಿಲ್ಲದಷ್ಟು ಎಡೆಗಳಲ್ಲಿ ಬರುವುದರಿಂದ ಅವುಗಳ ಸ್ಥಾನಪಟ್ಟಿಯು ಅತಿ ದೀರ್ಘವಾಗಿದ್ದು, ಮೆಮೊರಿಯಲ್ಲಿ ಹಿಡಿಯದೆ ಡಿಸ್ಕಿಗೇ ಹೋಗಬೇಕಾಗುತ್ತದೆ. 2008ರಲ್ಲಿ ಸ್ಥಾಪಿತವಾದ ಅಮೆರಿಕದ ಹಾಥಿಟ್ರಸ್ಟ್ ಎಂಬ ಗ್ರಂಥಾಲಯಕೂಟವು ಲಕ್ಷಗಟ್ಟಲೆ ಸಂಪುಟಗಳ ಪೂರ್ಣಪಾಠವನ್ನು ಸೋಲರಿನಿಂದ ಶೋಧಿಸಲು ಹೊರಟಾಗ ಎದುರಾದ ತೊಡಕು ಇದೇ. ಸಾಮಾನ್ಯಪದವನ್ನು ಪಕ್ಕದ ಪದದೊಡನೆ ಜೋಡಿಸಿ ಜೋಡಿಯನ್ನೇ ಒಂದು ಪದವೆಂದು ಪಟ್ಟಿಗೆ ಸೇರಿಸುವ ಉಪಾಯದಿಂದ ಅವರು ಅದನ್ನು ಬಹುಮಟ್ಟಿಗೆ ಪರಿಹರಿಸಿಕೊಂಡರು. ಯಂತ್ರವನ್ನು ಬದಲಾಯಿಸುವುದಕ್ಕೆ ಮೊದಲು ಅನುಕ್ರಮಣಿಕೆಯನ್ನು ತಿದ್ದಬಹುದೇ ಎಂದು ನೋಡುವುದು ಇದರಿಂದ ಕಲಿಯತಕ್ಕ ಪಾಠ. ಅದೇನೇ ಇರಲಿ, ಸರಾಸರಿ ಚೆನ್ನಾಗಿದೆಯೆಂದು ಹೇಳುವ ವರದಿಯು ಸಂಶೋಧಕರ ಪ್ರಶ್ನೆಗಳನ್ನು ಲೆಕ್ಕದಿಂದ ಅಳಿಸಿಹಾಕಿದಂತೆಯೇ ಸರಿ.

ಹಾಗಾದರೆ ಬರಿಯ ಯಂತ್ರದ ಪಕ್ಷವೇ ಗೆದ್ದಿತೋ ಎಂದರೆ, ಅದೂ ಇಲ್ಲ. ಗೂಗಲ್ ಸಂಸ್ಥೆಯ ಬೋರ್ಗ್ ವ್ಯವಸ್ಥೆಯನ್ನು ಕುರಿತ 2015ರ ಲೇಖನವು, ಕಲ್ಪಿತಯಂತ್ರದ ಬೆಲೆಯನ್ನು ತೆರಲು ಮನಸ್ಸಿಲ್ಲದೆ ತಮ್ಮ ಕೆಲಸದ ಬಹುಭಾಗವನ್ನು ಅದರ ಹೊರಗೇ ನಡೆಸುತ್ತಿರುವುದಾಗಿ ಹೇಳುತ್ತದೆ. ಇದನ್ನು ಬರಿಯ ಯಂತ್ರದವರು ದೊಡ್ಡ ಪ್ರಮಾಣವಾಗಿ ಎತ್ತಿಹಿಡಿಯಬಹುದು. ಆದರೆ ಅದೇ ಲೇಖನವು ಒಂದು ಯಂತ್ರದಲ್ಲಿ ಅನೇಕರ ಕೆಲಸಗಳನ್ನು ಒಟ್ಟಿಗೆ ತುಂಬಿ ನಡೆಸುವುದನ್ನೇ ಮುಖ್ಯವಾಗಿ ವರ್ಣಿಸುತ್ತದೆ. ನೆರೆಹೊರೆಯ ಕಾಟವು ನಿಯಾಮಕವಿಲ್ಲದೆಡೆಯಲ್ಲಿಯೂ ಉಂಟು. ಅಲ್ಲದೆಯೂ, ಲೂಸೀನ್ ನಡೆಯುವುದು ಜಾವಾ ವ್ಯವಸ್ಥೆಯಲ್ಲಿ. ಜಾವಾದ ಸ್ವಂತ ಮೆಮೊರಿಯು ಸುಮಾರು 32 ಗಿಗಾಬೈಟನ್ನು ದಾಟಿತೆಂದರೆ ಅದರೊಳಗಿನ ಸೂಚಿಗಳೆಲ್ಲ ಇಮ್ಮಡಿ ಉದ್ದವಾಗಿ, ಹೆಚ್ಚಿಸಿದ ಮೆಮೊರಿಯಲ್ಲಿ ಒಂದಂಶವು ಅವುಗಳಿಗೇ ಹೋಗುತ್ತದೆ. ಅದಕ್ಕೆಂದು ಬಹು ದೊಡ್ಡ ಯಂತ್ರಗಳಲ್ಲಿ ಒಂದರ ಬದಲು ಎರಡು ಮೂರು ಸರ್ವರುಗಳನ್ನು ನಡೆಯಿಸುವುದು ರೂಢಿ. ಹೇಗೂ ಒಡೆಯಬೇಕಾದ ಯಂತ್ರವನ್ನು ನಿಯಾಮಕದಿಂದ ಒಡೆದರೆ ತಪ್ಪೇನು? ಎರಡು ಪ್ರೊಸೆಸರುಗಳುಳ್ಳ ಯಂತ್ರದಲ್ಲಿ ಒಂದೊಂದರ ಹತ್ತಿರದ ಮೆಮೊರಿಯೊಳಗೇ ಒಂದೊಂದು ಕಲ್ಪಿತಯಂತ್ರವನ್ನು ಅಳವಡಿಸಿದರೆ, ದೂರದ ಮೆಮೊರಿಗೆ ಅಲೆಯುವ ಬರಿಯ ಯಂತ್ರಕ್ಕಿಂತ ಅದು ಹಿಂದೆಬೀಳಬೇಕಾಗಿಲ್ಲ. ಅಮೆಜಾನ್ ಸಂಸ್ಥೆಯವರು 2017ರಲ್ಲಿ ಪ್ರಕಟಪಡಿಸಿದ ನೈಟ್ರೊ ಎಂಬ ಏರ್ಪಾಡಿನಲ್ಲಿ ಡಿಸ್ಕು ಮತ್ತು ಜಾಲದ ಕೆಲಸಗಳನ್ನು ಬೇರೆ ಹಲಗೆಗಳಿಗೆ ಒಪ್ಪಿಸಿ, ನಿಯಾಮಕವನ್ನು ತೀರ ತೆಳ್ಳಗಾಗಿಸಲಾಗಿದೆ. ಅದೇ ಹಲಗೆಗಳ ಆಧಾರದಿಂದ ಬರಿಯ ಯಂತ್ರವನ್ನೂ ಬಾಡಿಗೆಗೆ ಕೊಡುತ್ತಾರೆ. ಪಕ್ಷಗಳೆರಡರ ನಡುವಣ ಗೆರೆಯು ಇಲ್ಲಿ ಅಳಿಸಿಹೋಗುತ್ತಿದೆ.

ಕಾಲದ ಅಪವಾದಕ್ಕಿಂತ ಸಂಪನ್ಮೂಲದ ಅಪವಾದವೇ ಹೆಚ್ಚು ಗೂಢವಾದದ್ದೆಂದು ತೋರುತ್ತದೆ. ಬಾಲವನ್ನು ಕತ್ತರಿಸಲು ಡೀನ್ ಮತ್ತು ಬರೊಸೊ ಹೇಳಿದ ಉಪಾಯಗಳಲ್ಲಿ ಮುಖ್ಯವಾದದ್ದೊಂದು ಹೀಗಿದೆ: ಖಂಡವೊಂದಕ್ಕೆ ಎರಡು ಪ್ರತಿಗಳಿದ್ದರೆ ಮೊದಲನೆಯದನ್ನು ಕೇಳಿ, ಸ್ವಲ್ಪ ಹೊತ್ತಿನಲ್ಲಿ ಉತ್ತರವು ಬಾರದಿದ್ದರೆ ಎರಡನೆಯದನ್ನೂ ಕೇಳಿ, ಮೊದಲು ಬಂದುದನ್ನು ಸ್ವೀಕರಿಸುವುದು. ನೂರು ಸರ್ವರುಗಳಲ್ಲಿ ಹಂಚಿದ 1,000 ಅಂಶಗಳನ್ನು ಓದುವ ಒಂದು ಪರೀಕ್ಷೆಯಲ್ಲಿ 10 ಮಿಲಿಸೆಕೆಂಡು ಕಾದು ಮತ್ತೆ ಕೇಳುವ ಈ ಕ್ರಮದಿಂದ, ಸಾವಿರದಲ್ಲೊಂದು ಪಾಲಿನ ಅತಿವಿಳಂಬದ ಮಿತಿಯು 1,800 ಮಿಲಿಸೆಕೆಂಡಿನಿಂದ 74ಕ್ಕೆ ಇಳಿಯಿತೆಂದೂ, ಅದಕ್ಕಾಗಿ ಹೆಚ್ಚಿಗೆ ಕಳುಹಿಸಿದ ಪ್ರಶ್ನೆಗಳು ಶೇಕಡಾ ಎರಡೇ ಎಂದೂ ಅವರು ಬರೆದಿರುವರು. ಫಲವು ಆಶ್ಚರ್ಯಕರವೇ. ಆದರೆ ಎರಡು ಪ್ರತಿಗಳ ವಿಳಂಬವು ಒಂದನ್ನೊಂದು ಅವಲಂಬಿಸಿಲ್ಲವೆಂಬ ಊಹೆಯ ಮೇಲೆ ಈ ಉಪಾಯವು ನಿಂತಿದೆ. ತಮ್ಮ ಯಂತ್ರಗಳು ಎಲ್ಲೆಲ್ಲಿವೆಯೆಂಬುದನ್ನು ಆ ಲೇಖಕರು ಬಲ್ಲರು. ಕಲ್ಪಿತಯಂತ್ರವನ್ನು ಬಾಡಿಗೆಗೆ ಹಿಡಿದವನಿಗೆ ಅದು ಕಾಣದು. ಬೇರೆ ಬೇರೆ ಹೆಸರಿನ ಎರಡು ಕಲ್ಪಿತಯಂತ್ರಗಳು ಒಂದೇ ನಿಜಯಂತ್ರದ ಮೇಲಿದ್ದರೆ ಒಂದಕ್ಕೆ ತಟ್ಟಿದ ತಡವು ಇನ್ನೊಂದಕ್ಕೂ ತಟ್ಟುವುದು. ಆ ಯಂತ್ರವು ನಿಂತರೆ ಎರಡು ಪ್ರತಿಗಳೂ ಒಟ್ಟಿಗೆ ಹೋಗುವುವು. ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಮಾತೃಪ್ರತಿಯಿಂದ ಇಳಿದ ಎರಡು ಓಲೆಗಳು ಒಂದು ಪಾಠಕ್ಕೆ ಎರಡು ಸಾಕ್ಷಿಗಳೆಂದು ಯಾವ ಸಂಪಾದಕನೂ ಎಣಿಸನು. ಇಲಾಸ್ಟಿಕ್‌ಸರ್ಚಿನಲ್ಲಿ ಒಂದೊಂದು ಸರ್ವರೂ ಯಾವ ಯಂತ್ರದಲ್ಲಿದೆ, ಯಾವ ಸಾಲಿನಲ್ಲಿದೆ ಎಂದು ಗುರುತುಮಾಡಿ, ಒಂದೇ ಗುರುತಿನವುಗಳಲ್ಲಿ ಎರಡು ಪ್ರತಿಗಳನ್ನಿಡದಂತೆ ವಿಧಿಸಲು ಅವಕಾಶವುಂಟು. ಆದರೆ ಆ ಗುರುತನ್ನು ಕೊಡಬೇಕಾದವನು ಮನುಷ್ಯ. ನಿಯಾಮಕವು ಒಂದು ಕಲ್ಪಿತಯಂತ್ರವನ್ನು ನಡೆಯುತ್ತಿರುವಂತೆಯೇ ಬೇರೊಂದು ನಿಜಯಂತ್ರಕ್ಕೆ ಸಾಗಿಸಿದರೆ ಗುರುತು ಸುಳ್ಳಾಗಿ ಉಳಿಯುವುದು.

ಕಾಲದ ವಿಷಯದಲ್ಲಿ ಮಾತ್ರ ಲಕ್ಷಣವು ಸದ್ದಿಲ್ಲದೆ ತಿದ್ದಲ್ಪಟ್ಟಿದೆ. ಲಿನಕ್ಸ್ ಕಾರ್ಯವ್ಯವಸ್ಥೆಯು ಪ್ರೊಸೆಸರಿನ ಹೊತ್ತು ಯಾವುದಕ್ಕೆ ಹೋಯಿತೆಂದು ತೋರಿಸುವ ಪಟ್ಟಿಯಲ್ಲಿ ‘ಸ್ಟೀಲ್’, ಎಂದರೆ ಕಳವು, ಎಂಬ ಹೆಸರಿನ ಒಂದು ಅಂಕಣವಿದೆ. ಅತಿಥಿಯು ನಡೆಯಲು ಸಿದ್ಧವಾಗಿದ್ದರೂ ನಿಯಾಮಕವು ಬೇರೆಯವರಿಗೆ ಕೊಟ್ಟ ಹೊತ್ತು ಅಲ್ಲಿ ದಾಖಲೆಯಾಗುತ್ತದೆ. ಬರಿಯ ಯಂತ್ರದಲ್ಲಿ ಆ ಅಂಕಣವು ಸೊನ್ನೆ. ಫಲಸಾಮ್ಯದ ನಿಯಮವನ್ನು ಅಕ್ಷರಶಃ ಹಿಡಿದರೆ ಈ ಅಂಕಣವು ಅದಕ್ಕೆ ಭಂಗ. ತಾನು ಕಲ್ಪಿತವೆಂಬುದು ಕಲ್ಪಿತಕ್ಕೇ ತಿಳಿಯಬಾರದಾಗಿತ್ತು. ಅಪವಾದದಲ್ಲಿ ಬಿಟ್ಟದ್ದನ್ನು ಮರಳಿ ಲೆಕ್ಕಕ್ಕೆ ತರುವುದಕ್ಕಾಗಿ ಉತ್ಸರ್ಗವನ್ನೇ ಇಲ್ಲಿ ಮುರಿಯಲಾಗಿದೆ. ಮೆಮೊರಿಗೂ ಪ್ರತಿಗಳಿರುವ ಎಡೆಗೂ ಸರ್ವತ್ರ ಒಪ್ಪಿತವಾದ ಇಂಥ ಅಂಕಣವು ಇನ್ನೂ ಏರ್ಪಟ್ಟಿಲ್ಲ.